ಕೇಳದ ಪ್ರಶ್ನೆಗೆ ಉತ್ತರ



ಜಾಹೀರಾತಿನ ಸಾಲು ಬರೆಯುವುದು ನನ್ನ ಕಸುಬು. ಸೋಪು, ಸೀರೆ, ಸೈಟು, ಸಾರಿನ ಪುಡಿ, ಯಾವುದಾದರೂ ಸರಿ. ಮಾರುವವರು ಮಾಲು ಕೊಡುತ್ತಾರೆ, ನಾನು ಮಾತು ಕೊಡುತ್ತೇನೆ. ಮದುವೆಮನೆಯ ಪಂಕ್ತಿಯಲ್ಲಿ ಪಕ್ಕದವರು ನಿಮಗೇನು ಕೆಲಸ ಎಂದು ಕೇಳುತ್ತಾರೆ. ಹೇಳುತ್ತೇನೆ. "ಓಹೋ, ಸುಳ್ಳು ಹೇಳಿ ಸಂಬಳ ತಗೊಳ್ಳೋದು ಅನ್ನಿ" ಎಂದು ನಗುತ್ತಾರೆ. ನಾನೂ ನಗುತ್ತೇನೆ. ಹೋಳಿಗೆ ಬಡಿಸುವ ಹೊತ್ತಿನಲ್ಲಿ ವಾದಕ್ಕೆ ಇಳಿಯಬಾರದು.

ಹೋಳಿಗೆ ಮುಗಿಯುವಷ್ಟರಲ್ಲಿ ಎರಡನೆಯ ಪ್ರಶ್ನೆ ಬರುತ್ತದೆ. "ಅಲ್ಲ, ಆ ಸಾಲೆಲ್ಲ ನಿಮಗೆ ಹೇಗೆ ಹೊಳೆಯುತ್ತೆ?" ಇವತ್ತಿನ ನನ್ನ ಮಾತು ಈ ಎರಡನೆಯ ಪ್ರಶ್ನೆಯ ಬಗ್ಗೆ.

ನಿಜ ಹೇಳಬೇಕೆಂದರೆ, ಕೋಣೆಯೊಳಗೆ ಕೂತರೆ ನನಗೆ ಏನೂ ಹೊಳೆಯುವುದಿಲ್ಲ. ಎದ್ದು ಚಪ್ಪಲಿ ಮೆಟ್ಟಿ ಶೋಳಿಂಗನಲ್ಲೂರಿನ ಸರ್ಕಲ್ಲಿಗೆ ಹೋಗಿ ನಿಲ್ಲುತ್ತೇನೆ. ಅಲ್ಲಿ ಬೆಳಗಿನಿಂದ ರಾತ್ರಿಯವರೆಗೆ ವ್ಯಾಪಾರದ ಮಾತು ನಡೆದೇ ಇರುತ್ತದೆ. ಕಿವಿಗೆ ಬಿದ್ದದ್ದನ್ನು ಬರೆದುಕೊಂಡು ಬರುತ್ತೇನೆ.

ಶೋಳಿಂಗನಲ್ಲೂರು ಚೆನ್ನೈನ ದಕ್ಷಿಣ ತುದಿಯಲ್ಲಿದೆ. ಹಿಂದೆ ಅದು ಬೇರೆಯೇ ಊರು. 2011ರಲ್ಲಿ ಚೆನ್ನೈ ಮಹಾನಗರ ಪಾಲಿಕೆಗೆ ಸೇರಿತು. ನಡುವೆ ಹಳೆಯ ಮಹಾಬಲಿಪುರಂ ರಸ್ತೆ ಹಾದುಹೋಗುತ್ತದೆ. ಎಲ್ಲರ ಬಾಯಲ್ಲೂ ಅದು ಓಎಂಆರ್. ಬೆಂಗಳೂರಿನ ಕೇಳುಗರಿಗೆ ಗುರುತು ಸಿಗಲೆಂದು ಹೇಳುತ್ತೇನೆ: ನಿಮ್ಮ ವೈಟ್‌ಫೀಲ್ಡನ್ನು ಎತ್ತಿ ಸಮುದ್ರದ ಪಕ್ಕಕ್ಕೆ ಇಟ್ಟ ಹಾಗೆ. ರಸ್ತೆಯ ಇಕ್ಕೆಲಗಳಲ್ಲೂ ಸಾಫ್ಟ್‌ವೇರ್ ಕಂಪನಿಗಳು. ಕೊರಳಿಗೆ ಗುರುತಿನ ಚೀಟಿ ನೇತುಹಾಕಿಕೊಂಡ ಸಾವಿರಾರು ಹುಡುಗ ಹುಡುಗಿಯರು. ಸರ್ಕಲ್ಲಿನಿಂದ ಉತ್ತರಕ್ಕೆ ಕಾರಪಾಕ್ಕಂ. ದಕ್ಷಿಣಕ್ಕೆ ನಾವಲೂರು, ಸಿರುಸೇರಿ. ಪಶ್ಚಿಮಕ್ಕೆ ಮೇಡವಾಕ್ಕಂ. ಪೂರ್ವಕ್ಕೆ ಬಕಿಂಗ್‌ಹ್ಯಾಮ್ ಕಾಲುವೆ ದಾಟಿದರೆ ಅಕ್ಕರೈ, ಅದರಾಚೆ ಕಡಲು. ಇದರ ಜೊತೆಗೆ ಮೆಟ್ರೊ ಕಾಮಗಾರಿ, ಅದರ ದೂಳು, ನೀರಿನ ಟ್ಯಾಂಕರುಗಳ ಹಾರನ್ನು.

ಈ ಗದ್ದಲದಲ್ಲಿ ನಿಂತು ಕಲಿತ ಪಾಠ ಒಂದೇ. ಕೊಳ್ಳಲು ಬಂದವರ ಮನಸ್ಸಿನಲ್ಲಿ ಒಂದು ಪ್ರಶ್ನೆ ಇರುತ್ತದೆ. ಅದನ್ನು ಅವರು ಬಾಯಿಬಿಟ್ಟು ಕೇಳುವುದಿಲ್ಲ. ಸಂಕೋಚವೋ, ಅವಸರವೋ, ಕೇಳಿದರೆ ಮೋಸ ಹೋದೇನೆಂಬ ಭಯವೋ. ಆ ಕೇಳದ ಪ್ರಶ್ನೆಗೆ ಉತ್ತರ ಕೊಡುವ ಸಾಲೇ ಒಳ್ಳೆಯ ಜಾಹೀರಾತು. ಮಿಕ್ಕಿದ್ದೆಲ್ಲ ತನ್ನ ಬೆನ್ನು ತಾನೇ ತಟ್ಟಿಕೊಳ್ಳುವ ಕೆಲಸ.

ಸರ್ಕಲ್ಲಿನ ಮೂವರು ವ್ಯಾಪಾರಿಗಳು ಇದನ್ನು ನನಗಿಂತ ಚೆನ್ನಾಗಿ ಬಲ್ಲರು. ಒಬ್ಬೊಬ್ಬರನ್ನಾಗಿ ಪರಿಚಯಿಸುತ್ತೇನೆ.

ಮೊದಲನೆಯವನು ಷೇರ್ ಆಟೋದವನು.

ಆಟೋ ರಸ್ತೆ ಬದಿಯಲ್ಲಿ ಗುರುಗುಟ್ಟುತ್ತಾ ನಿಂತಿರುತ್ತದೆ. ಡ್ರೈವರ್ ಕತ್ತು ಹೊರಗೆ ಹಾಕಿ ಕೂಗುತ್ತಾನೆ. "ನಾವಲೂರ್, ಸಿರುಸೇರಿ, ಕೇಳಂಬಾಕ್ಕಂ!" ಉಸಿರು ತೆಗೆದುಕೊಂಡು ಮತ್ತೆ, "ಒರು ಆಳ್, ಒರು ಆಳ್!" ಇನ್ನೊಬ್ಬರು ಬಂದರೆ ಸಾಕು, ಗಾಡಿ ಹೊರಟಿತು ಎಂದು ಅರ್ಥ. ಒಳಗೆ ಇಣುಕಿದರೆ ಇನ್ನೂ ಮೂವರಿಗೆ ಜಾಗ ಇರುತ್ತದೆ. ಅದು ಬೇರೆ ಮಾತು.

ಅವನು ಏನು ಹೇಳುವುದಿಲ್ಲ ಎನ್ನುವುದನ್ನೂ ಗಮನಿಸಿ. ಸುಖಕರ ಪ್ರಯಾಣ ಎನ್ನುವುದಿಲ್ಲ. ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತವರು ಯಾರೂ ಅದನ್ನು ನಂಬುವುದಿಲ್ಲ ಎಂದು ಅವನಿಗೆ ಗೊತ್ತು. ರಸ್ತೆಯಲ್ಲಿ ನಿಂತವನ ಪ್ರಶ್ನೆಗಳು ಎರಡೇ. ನನ್ನ ಊರಿಗೆ ಹೋಗುತ್ತದೆಯೇ? ಯಾವಾಗ ಹೊರಡುತ್ತದೆ? ಮೊದಲನೆಯದಕ್ಕೆ ಉತ್ತರ ಊರ ಹೆಸರು. ಎರಡನೆಯದಕ್ಕೆ ಉತ್ತರ "ಒರು ಆಳ್". ನಾಲ್ಕೈದು ಪದಗಳಲ್ಲಿ ಜಾಹೀರಾತು ಮುಗಿಯಿತು.

ಊರ ಹೆಸರೊಂದೇ ಉತ್ತರವಾಗಿ ನಿಂತದ್ದನ್ನು ಚೆನ್ನೈಗೆ ಮೊದಲೇ ತೋರಿಸಿದವರಲ್ಲಿ ನಮ್ಮವರೂ ಇದ್ದಾರೆ. ದಕ್ಷಿಣ ಕನ್ನಡದ ಕಡಂದಲೆಯಿಂದ ಮದರಾಸಿಗೆ ಬಂದ ಕೆ. ಕೃಷ್ಣರಾಯರು ಹೋಟೆಲಿನ ಅಡುಗೆಮನೆಯಲ್ಲಿ ದುಡಿದು ಮೇಲೆ ಬಂದವರು. 1938ರಲ್ಲಿ ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸ್ ತೆರೆದರು. ಆ ಕಾಲದ ಪ್ರಯಾಣಿಕನ ಮನಸ್ಸಿನ ಪ್ರಶ್ನೆ ಏನಿತ್ತು? ಇಲ್ಲಿ ಅಡುಗೆ ಹೇಗೆ ಮಾಡುತ್ತಾರೆ? ಪಾತ್ರೆ ಮಡಿಯೇ? ಅಪ್ಪಟ ಸಸ್ಯಾಹಾರವೇ? ಹೊಸ ಊರಿನಲ್ಲಿ ಯಾರನ್ನು ಕೇಳುವುದು? ಇಂಥ ಹೋಟೆಲುಗಳ ಬೋರ್ಡಿನ ಮೇಲೆ ಉಡುಪಿ ಎಂದು ಕಂಡರೆ ಅಷ್ಟಕ್ಕೂ ಒಂದೇ ಉತ್ತರ ಸಿಗುತ್ತಿತ್ತು. ಉಡುಪಿಯನ್ನು ನಕ್ಷೆಯಲ್ಲಿ ತೋರಿಸಲಾರದವರು ಕೂಡ ಆ ಬೋರ್ಡು ನೋಡಿ ಒಳಗೆ ಬಂದು ಕೂತರು.

ಕೃಷ್ಣರಾಯರು ಅಲ್ಲಿಗೇ ನಿಲ್ಲಲಿಲ್ಲ. 1962ರಲ್ಲಿ ಕ್ಯಾಥೆಡ್ರಲ್ ರಸ್ತೆಯ ತೋಟದಲ್ಲಿ ವುಡ್‌ಲ್ಯಾಂಡ್ಸ್ ಡ್ರೈವ್‌ಇನ್ ಶುರುವಾಯಿತು. ಮರಗಳ ನೆರಳಿನಲ್ಲಿ ಕಾರು ನಿಲ್ಲಿಸಿದರೆ ಸಾಕು. ಮಾಣಿ ಬಂದು ಕಿಟಕಿಗೆ ತಟ್ಟೆ ಸಿಕ್ಕಿಸುತ್ತಿದ್ದ. ಅದರ ಮೇಲೆ ಇಡ್ಲಿ, ದೋಸೆ, ಕಾಫಿ. ಮಕ್ಕಳನ್ನು ಇಳಿಸಿಕೊಂಡು ಹೋಗಬೇಕೇ, ಕಾರು ಎಲ್ಲಿ ನಿಲ್ಲಿಸುವುದು, ಮೇಜು ಖಾಲಿ ಇರುತ್ತದೆಯೇ? ಈ ಮೂರು ಚಿಂತೆಗೂ ಆ ತಟ್ಟೆಯೇ ಜಾಹೀರಾತು. 2008ರವರೆಗೆ, ಅಂದರೆ ಸುಮಾರು 45 ವರ್ಷ, ಅದು ನಡೆಯಿತು. ಈಗ ಆ ಜಾಗದಲ್ಲಿ ಸೆಮ್ಮೊಳಿ ಪೂಂಗಾ ಎಂಬ ಉದ್ಯಾನವಿದೆ.

ಮೈಸೂರು ಸ್ಯಾಂಡಲ್ ಸೋಪಿನ ಕಥೆಯೂ ಇದೇ ಜಾಡಿನದು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಮೈಸೂರು ಸೀಮೆಯ ಗಂಧದ ಮರ ಹೊರದೇಶಕ್ಕೆ ಹೋಗಲಾರದೆ ಉಳಿಯಿತು. ನಾಲ್ವಡಿ ಕೃಷ್ಣರಾಜ ಒಡೆಯರು, ದಿವಾನ್ ವಿಶ್ವೇಶ್ವರಯ್ಯನವರು 1916ರಲ್ಲಿ ಗಂಧದೆಣ್ಣೆ ತೆಗೆಯುವ ಕಾರ್ಖಾನೆ ಮಾಡಿಸಿದರು. ಆ ಎಣ್ಣೆಯಿಂದ ಸೋಪು ಬಂತು. ಗಂಧದ ಸೋಪು ಎಂದ ಕೂಡಲೇ ಯಾರಿಗಾದರೂ ಬರುವ ಅನುಮಾನ, ಇದರಲ್ಲಿರುವುದು ನಿಜವಾದ ಗಂಧವೇ? ಗಂಧ ಬೆಳೆಯುವ ನಾಡಿನ ಹೆಸರನ್ನೇ ಸೋಪಿಗೆ ಇಟ್ಟರು. ಉತ್ತರ ಡಬ್ಬಿಯ ಮೇಲೇ ಇತ್ತು.

ಇಲ್ಲಿಯವರೆಗೆ ಹೇಳಿದ್ದಿಷ್ಟು. ಗಿರಾಕಿಯ ಮನಸ್ಸಿನಲ್ಲಿ ಕೇಳದ ಪ್ರಶ್ನೆ ಇರುತ್ತದೆ. ಒಂದು ಹೆಸರಿನಿಂದ ಕೂಡ ಅದಕ್ಕೆ ಉತ್ತರ ಕೊಡಬಹುದು. ಈಗ ಎರಡನೆಯ ವ್ಯಾಪಾರಿಯ ಬಳಿಗೆ ಹೋಗೋಣ. ಅವನ ಪಾಠ ದುಡ್ಡಿನದು.

ಇವನು ಈರುಳ್ಳಿ ಗಾಡಿಯವನು. ಸಣ್ಣ ಟೆಂಪೋ, ಹಿಂದೆ ಈರುಳ್ಳಿಯ ರಾಶಿ, ಮೇಲೆ ಧ್ವನಿವರ್ಧಕ. ಒಂದು ಸಲ ಮುದ್ರಿಸಿದ ಮಾತು ಹಾಡಿದ್ದೇ ಹಾಡಿಕೊಂಡು ಅಪಾರ್ಟ್‌ಮೆಂಟುಗಳ ಸುತ್ತ ಸುತ್ತುತ್ತದೆ. ನಾಲ್ಕು ಕಿಲೋ ನೂರು ರೂಪಾಯಿ, ನಾಲ್ಕು ಕಿಲೋ ನೂರು ರೂಪಾಯಿ. ಪೇಟೆ ಏರಿದರೆ ನಾಲ್ಕು ಹೋಗಿ ಮೂರಾಗುತ್ತದೆ, ಎರಡೂವರೆಯಾಗುತ್ತದೆ. ನೂರು ಮಾತ್ರ ಕದಲುವುದಿಲ್ಲ.

ಇದರ ಜಾಣತನ ನೋಡಿ. ಎಂಟನೆಯ ಮಹಡಿಯಲ್ಲಿ ಬೇಳೆ ಬೇಯಿಸುತ್ತಿರುವ ಮನೆಯಾಕೆಗೆ ಇರುವ ಪ್ರಶ್ನೆ, ಲಿಫ್ಟ್ ಹಿಡಿದು ಕೆಳಗೆ ಹೋದರೆ ಲಾಭವೇ? ರೇಟು ಕೇಳಲೆಂದೇ ಇಳಿದು ಹೋಗುವುದು ಯಾರಿಗೂ ಬೇಡ. ಅದಕ್ಕೆ ಅವನು ರೇಟನ್ನೇ ಮೇಲಕ್ಕೆ ಕಳಿಸುತ್ತಾನೆ. ಒಂದೇ ನೋಟು ಕೈಯಲ್ಲಿ ಹಿಡಿದು ಬಂದರೆ ಸಾಕು, ಚಿಲ್ಲರೆಯ ತಕರಾರಿಲ್ಲ.

ದುಡ್ಡಿನ ಈ ಪ್ರಶ್ನೆಗೆ ತಮಿಳುನಾಡು ಕೊಟ್ಟ ಇನ್ನೂ ದೊಡ್ಡ ಉತ್ತರವೊಂದಿದೆ. ಇಂದು ದೇಶದ ಪ್ರತಿ ಗೂಡಂಗಡಿಯಲ್ಲೂ ತೋರಣದ ಹಾಗೆ ನೇತಾಡುವ ಶಾಂಪೂ ಸ್ಯಾಷೆ. ಅದರ ಹಿಂದೆ ಇದ್ದವರು ಕಡಲೂರಿನ ಚಿನ್ನಿಕೃಷ್ಣನ್. ಸಿರಿವಂತರು ಬಳಸುವುದನ್ನು ಕೂಲಿಯವರು, ರಿಕ್ಷಾ ಎಳೆಯುವವರು ಕೂಡ ಬಳಸಬೇಕು ಎಂಬುದು ಅವರ ಹಟ. ಅದಕ್ಕೆ ಸಣ್ಣ ಪೊಟ್ಟಣದ ದಾರಿ ಹಿಡಿದರು. ಅವರ ಮಗ ಸಿ.ಕೆ. ರಂಗನಾಥನ್ 1983ರಲ್ಲಿ 15,000 ರೂಪಾಯಿ ಹಾಕಿ ಚಿಕ್ ಶಾಂಪೂ ಶುರುಮಾಡಿದರು. ಅದೇ ಮುಂದೆ ಚೆನ್ನೈನ ಕ್ಯಾವಿನ್‌ಕೇರ್ ಕಂಪನಿಯಾಯಿತು.

ಸೀಗೆಕಾಯಿ, ಇಲ್ಲವೇ ಮೈಸೋಪು, ಇಷ್ಟರಲ್ಲೇ ತಲೆ ತೊಳೆಯುತ್ತಿದ್ದ ಹಳ್ಳಿಯವರಿಗೆ ಶಾಂಪೂ ಮಾರಬೇಕು. ಅವರ ಮನಸ್ಸಿನಲ್ಲಿ ಏನೇನು ಪ್ರಶ್ನೆ ಇದ್ದಿರಬಹುದು? ಇಡೀ ಬಾಟಲಿಗೆ ದುಡ್ಡು ಎಲ್ಲಿಂದ ತರಲಿ? ಸ್ಯಾಷೆ ಅದಕ್ಕೆ ಉತ್ತರ. ಇದನ್ನು ಬಳಸುವುದು ಹೇಗೆ? ತೊಳೆದ ಮೇಲೆ ಕೂದಲು ಏನಾಗುತ್ತದೆ? ಅದಕ್ಕೆ ಕಂಪನಿಯವರು ಹಳ್ಳಿಗಳಿಗೇ ಹೋದರು. ಜನ ಸೇರಿದ ಕಡೆ ಒಬ್ಬ ಹುಡುಗನನ್ನು ಕೂರಿಸಿ, ಎಲ್ಲರೆದುರು ಅವನ ತಲೆಗೆ ಶಾಂಪೂ ಹಾಕಿ ತೊಳೆದರು. ಆಮೇಲೆ ಸುತ್ತ ನಿಂತವರಿಗೆ, ಬನ್ನಿ, ಮುಟ್ಟಿ ನೋಡಿ, ಮೂಸಿ ನೋಡಿ ಎಂದರು. ರಜನೀಕಾಂತ್ ಸಿನಿಮಾ ತೋರಿಸಿ, ನಡುವೆ ತಮ್ಮ ಜಾಹೀರಾತು ಹಾಕಿ, ಕೊನೆಗೆ ಸ್ಯಾಷೆ ಹಂಚಿದರು. ನಾನು ಒಂದು ವಾರ ಕೂತು ನಯವಾದ, ಹೊಳೆಯುವ, ರೇಷ್ಮೆಯಂಥ ಎಂದು ವಿಶೇಷಣ ಪೋಣಿಸಿದರೂ, ಆ ಹುಡುಗನ ತಲೆಯ ಮುಂದೆ ಅದು ನಿಲ್ಲುವುದಿಲ್ಲ.

ಹಳ್ಳಿಯವರ ಮತ್ತೊಂದು ಪ್ರಶ್ನೆ ಇನ್ನೂ ಗಟ್ಟಿ. ಬೇರೆ ಶಾಂಪೂ ಇರುವಾಗ ಇದೇ ಯಾಕೆ? ಅದಕ್ಕೆ ಒಂದು ಯೋಜನೆ ಮಾಡಿದರು. ಯಾವುದೇ ಶಾಂಪೂವಿನ 5 ಖಾಲಿ ಸ್ಯಾಷೆ ತಂದುಕೊಡಿ, ಒಂದು ಚಿಕ್ ಪುಕ್ಕಟೆ. ರೂಢಿ ಬಿದ್ದ ಮೇಲೆ ನಿಯಮ ಸ್ವಲ್ಪ ಬದಲಾಯಿಸಿದರು: ಇನ್ನು ಖಾಲಿ ಚಿಕ್ ಸ್ಯಾಷೆಗೆ ಮಾತ್ರ. ತಿಂಗಳಿಗೆ 35,000 ರೂಪಾಯಿ ಇದ್ದ ವ್ಯಾಪಾರ 12 ಲಕ್ಷಕ್ಕೆ ಏರಿತು ಎಂದು ರಂಗನಾಥನ್ ಅವರೇ ಸಂದರ್ಶನದಲ್ಲಿ ಹೇಳಿದ್ದಾರೆ.

ಹಾಗಾದರೆ ಇಲ್ಲಿಗೆ ಎರಡು ಪಾಠ ಆಯಿತು. ನನ್ನ ಊರಿಗೆ ಹೋಗುತ್ತದೆಯೇ ಎಂಬುದಕ್ಕೆ ಆಟೋದವನ ಉತ್ತರ. ನನ್ನ ಜೇಬಿಗೆ ಹೊಂದುತ್ತದೆಯೇ ಎಂಬುದಕ್ಕೆ ಈರುಳ್ಳಿಯವನ ಉತ್ತರ. ಮೂರನೆಯ ಪ್ರಶ್ನೆ ಎಲ್ಲಕ್ಕಿಂತ ಕಷ್ಟದ್ದು. ನಿನ್ನನ್ನು ನಂಬಬಹುದೇ?

ಇದಕ್ಕೆ ಉತ್ತರ ಎಳನೀರಿನವನ ಹತ್ತಿರ ಇದೆ.

ಕಂಪನಿಯೊಂದರ ಗೇಟಿನ ಎದುರು, ಬೇವಿನ ಮರದ ಕೆಳಗೆ ಅವನ ತಳ್ಳುಗಾಡಿ. ನೀವು ಹೋಗಿ ನಿಂತರೆ ಬೇಕೇ ಎಂದು ಅವನು ಕೇಳುವುದಿಲ್ಲ. ಬಿಸಿಲಲ್ಲಿ ನಡೆದು ಬಂದು ಗಾಡಿಯ ಮುಂದೆ ನಿಂತವನನ್ನು ಬೇಕೇ ಎಂದು ಯಾಕೆ ಕೇಳಬೇಕು? ನೀರಿನದೋ, ಗಂಜಿಯದೋ ಎಂದಷ್ಟೇ ಕೇಳುತ್ತಾನೆ. ಆಮೇಲೆ ಶುರುವಾಗುತ್ತದೆ ನಿಜವಾದ ಆಟ. ಒಂದು ಕಾಯಿ ಎತ್ತುತ್ತಾನೆ. ಮಚ್ಚಿನ ಬೆನ್ನಿನಿಂದ ಟೊಕ್ ಟೊಕ್ ಎಂದು ತಟ್ಟುತ್ತಾನೆ. ಕಿವಿಗೊಡುತ್ತಾನೆ. ತಲೆ ಅಲ್ಲಾಡಿಸಿ, "ಇದು ಬೇಡ ಸಾರ್" ಎಂದು ಪಕ್ಕಕ್ಕೆ ಇಡುತ್ತಾನೆ. ಎರಡನೆಯದನ್ನು ತಟ್ಟುತ್ತಾನೆ. ಅದೂ ಬೇಡ. ಮೂರನೆಯದನ್ನು ಕೆತ್ತಿ ಕೊಡುತ್ತಾನೆ. ನೀವು ಕುಡಿಯುತ್ತೀರಿ. ಆ ನೀರು ಎಂದಿಗಿಂತ ಸಿಹಿಯಾಗಿರುತ್ತದೆ.

ಪಕ್ಕಕ್ಕಿಟ್ಟ ಆ ಎರಡು ಕಾಯಿ ಆಮೇಲೆ ಎಲ್ಲಿಗೆ ಹೋದವು? ಅದನ್ನು ಕೇಳುವ ಧೈರ್ಯ ನನಗೆ ಇನ್ನೂ ಬಂದಿಲ್ಲ. ಆದರೆ ತನ್ನ ಮಾಲನ್ನೇ ಬೇಡ ಎಂದವನು, ಮುಂದೆ ಇದು ಚೆನ್ನಾಗಿದೆ ಎಂದರೆ ನಂಬದೆ ಇರುವುದು ಹೇಗೆ?

ಈ "ಬೇಡ ಸಾರ್" ಜಗತ್ತಿನ ಅತಿ ಪ್ರಸಿದ್ಧ ಜಾಹೀರಾತುಗಳಲ್ಲಿ ಒಂದು ಎಂದರೆ ನಿಮಗೆ ಆಶ್ಚರ್ಯವಾದೀತು. 1960ರಲ್ಲಿ ಅಮೆರಿಕದಲ್ಲಿ ಫೋಕ್ಸ್‌ವ್ಯಾಗನ್ ಕಾರಿಗೆ ಡಿಡಿಬಿ ಎಂಬ ಏಜೆನ್ಸಿ ಮಾಡಿದ್ದು. ಪುಟದಲ್ಲಿ ಕಾರಿನ ಒಂದು ಕಪ್ಪು ಬಿಳುಪು ಚಿತ್ರ. ಕೆಳಗೆ ದಪ್ಪ ಅಕ್ಷರದಲ್ಲಿ ಒಂದೇ ಪದ: ಲೆಮನ್. ಅಲ್ಲಿಯವರ ಆಡುಮಾತಿನಲ್ಲಿ ಕೆಟ್ಟುಹೋದ ಮಾಲು. ತಮ್ಮದೇ ಕಾರಿಗೆ ಹೀಗೆ ಬರೆದುಕೊಂಡಿದ್ದಾರಲ್ಲ ಎಂದು ಓದುಗರು ಕಣ್ಣರಳಿಸಿ ಮುಂದಕ್ಕೆ ಓದಿದರು. ಡ್ಯಾಶ್‌ಬೋರ್ಡಿನ ಪುಟ್ಟ ಪೆಟ್ಟಿಗೆಯ ಮೇಲಿನ ಹೊಳೆಯುವ ಪಟ್ಟಿಯಲ್ಲಿ ಒಂದು ಕಲೆ ಇತ್ತಂತೆ. ಕಾರ್ಖಾನೆಯ ತಪಾಸಕರು ಅಷ್ಟಕ್ಕೇ ಆ ಕಾರನ್ನು ಪಕ್ಕಕ್ಕೆ ಇಟ್ಟರಂತೆ. ಇಂಥ ಕಾರನ್ನೇ ಬೇಡ ಎಂದವರು ಕೊಟ್ಟ ಕಾರು ಹೇಗಿರಬೇಡ? ನ್ಯೂಯಾರ್ಕಿನ ಆ ಏಜೆನ್ಸಿಯವರು ಮಾಡಿದ್ದು ಇಷ್ಟೇ, ಒಂದು ಕಾಯಿ ತಟ್ಟಿ ಪಕ್ಕಕ್ಕಿಟ್ಟರು.

ಕೇಳುಗರೇ, ಇನ್ನೊಮ್ಮೆ ಒಟ್ಟು ಮಾಡಿ ನೋಡೋಣ. ನನಗೆ ಬೇಕಾದ್ದು ನಿನ್ನ ಬಳಿ ಇದೆಯೇ? ನನಗೆ ಎಟಕುತ್ತದೆಯೇ? ನಿನ್ನನ್ನು ನಂಬಲೇ? ಕೇಳದ ಪ್ರಶ್ನೆಗಳೆಂದರೆ ಹೆಚ್ಚುಕಡಿಮೆ ಇವೇ ಮೂರು. ಈಗ ತಲೆ ಎತ್ತಿ ಮೇಲೆ ನೋಡುವ. ಈ ಮೂರಕ್ಕೂ ಕಿವಿಗೊಡದ ಜಾಹೀರಾತುಗಳು ಅಲ್ಲಿವೆ.

ಓಎಂಆರ್ ಉದ್ದಕ್ಕೂ ಫ್ಲ್ಯಾಟುಗಳ ದೊಡ್ಡ ದೊಡ್ಡ ಫಲಕಗಳು. ನೀಲಿ ಈಜುಕೊಳ, ಅದರ ಪಕ್ಕದಲ್ಲಿ ನಗುವ ದಂಪತಿ, ಇಬ್ಬರಿಗೂ ಬೆವರಿಲ್ಲ. ಕೆಳಗೆ ಒಂದು ಸಾಲು: ಶೋಳಿಂಗನಲ್ಲೂರಿನಿಂದ ಕೇವಲ 10 ನಿಮಿಷ. ಯಾವ ಹೊತ್ತಿನ 10 ನಿಮಿಷ ಎಂದು ಬರೆದಿರುವುದಿಲ್ಲ. ಅದು ಭಾನುವಾರ ಬೆಳಗಿನ ಜಾವ 4 ಗಂಟೆಯದೇ ಇರಬೇಕು. ಸಂಜೆ ಆರರ ಹೊತ್ತಿಗೆ ಅಷ್ಟರಲ್ಲಿ ಸಿಗ್ನಲ್ ದಾಟಿದರೆ ಪುಣ್ಯ.

ಆದರೆ ಮನೆ ಕೊಳ್ಳುವವರ ಮನಸ್ಸಿನ ಮೊದಲ ಪ್ರಶ್ನೆ ಈಜುಕೊಳದ್ದಲ್ಲ. ನಲ್ಲಿಯಲ್ಲಿ ನೀರು ಬರುತ್ತದೆಯೇ ಎಂಬುದು. ಈ ಭಾಗದ ಎಷ್ಟೋ ಅಪಾರ್ಟ್‌ಮೆಂಟುಗಳು ಟ್ಯಾಂಕರನ್ನೇ ನಂಬಿವೆ. 2019ರ ಬೇಸಿಗೆಯಲ್ಲಿ ಚೆನ್ನೈಗೆ ನೀರುಣಿಸುವ ದೊಡ್ಡ ಕೆರೆಗಳು ಹೆಚ್ಚುಕಡಿಮೆ ಬತ್ತಿಹೋದವು. ಈ ರಸ್ತೆಯ ಕೆಲವು ಕಂಪನಿಗಳು ಮನೆಯಿಂದಲೇ ಕೆಲಸ ಮಾಡಿ ಎಂದು ಉದ್ಯೋಗಿಗಳಿಗೆ ಹೇಳಿದವು. ಅದಕ್ಕೂ ನಾಲ್ಕು ವರ್ಷ ಹಿಂದೆ, 2015ರ ಡಿಸೆಂಬರಿನಲ್ಲಿ, ಇದೇ ಊರು ನೆರೆಯಲ್ಲಿ ನಿಂತಿತ್ತು. ಕುಡಿಯಲು ನೀರು ಬರುತ್ತದೆಯೇ, ಮಳೆ ಬಂದರೆ ಮನೆಯೊಳಗೆ ನೀರು ನುಗ್ಗುತ್ತದೆಯೇ? ಈ ಎರಡಕ್ಕೆ ನೇರ ಉತ್ತರ ಬರೆದ ಫಲಕವನ್ನು ನಾನು ಹುಡುಕುತ್ತಲೇ ಇದ್ದೇನೆ. ಸಿಕ್ಕರೆ ಅದನ್ನು ಬರೆದವರಿಗೆ ಕಾಫಿ ಕೊಡಿಸಬೇಕೆಂದಿದ್ದೇನೆ.

ಈ ಮಾತಿಗೆ ನಗೆ ಸಲ್ಲದ ಒಂದು ಮಗ್ಗುಲೂ ಇದೆ. ಇಲ್ಲಿಂದ ಕೆಲವೇ ಕಿಲೋಮೀಟರ್ ದೂರದ ಪಳ್ಳಿಕರಣೈಯಲ್ಲಿ, 2019ರ ಸೆಪ್ಟೆಂಬರಿನಲ್ಲಿ, ಸ್ಕೂಟರಿನಲ್ಲಿ ಹೋಗುತ್ತಿದ್ದ ಯುವ ಇಂಜಿನಿಯರ್ ಒಬ್ಬಳ ಮೇಲೆ ಮದುವೆಯ ಫ್ಲೆಕ್ಸ್ ಬ್ಯಾನರ್ ಬಿತ್ತು. ಹಿಂದಿನಿಂದ ಬಂದ ಟ್ಯಾಂಕರ್ ಲಾರಿ ಹರಿದು ಆಕೆ ತೀರಿಕೊಂಡಳು. ಮದರಾಸು ಹೈಕೋರ್ಟು ಸರ್ಕಾರವನ್ನು ಕಟುವಾಗಿ ತರಾಟೆಗೆ ತೆಗೆದುಕೊಂಡಿತು. ಯಾರ ಯಾವ ಪ್ರಶ್ನೆಗೂ ಉತ್ತರವಾಗದ, ತನ್ನ ದೊಡ್ಡಸ್ತಿಕೆ ಸಾರುವುದಷ್ಟೇ ಕೆಲಸವಾದ ಬಟ್ಟೆ ಅದು. ಹೇಳಲು ಏನೂ ಇಲ್ಲದ ಮಾತಿಗೆ ಗಾತ್ರ ಬೇಕಾಗುತ್ತದೆ. ಆ ಗಾತ್ರಕ್ಕೆ ಬೆಲೆ ತೆತ್ತವರು ದಾರಿಹೋಕರು.

ಇಷ್ಟು ಕೇಳಿದ ಮೇಲೆ ನೀವು ಹೇಳಬಹುದು, ನಮಗೇನು ಸ್ವಾಮಿ, ನಾವು ಶಾಂಪೂ ಮಾರುವವರಲ್ಲ, ಫ್ಲ್ಯಾಟು ಕಟ್ಟುವವರಲ್ಲ. ನಿಜ. ಆದರೆ ಮನೆ ಬಾಡಿಗೆಗಿದೆ ಎಂದು ಬೋರ್ಡು ಬರೆಯುತ್ತೀರಿ. ಸಂಘದ ರಾಜ್ಯೋತ್ಸವಕ್ಕೆ ಕರೆಯೋಲೆ ಬರೆಯುತ್ತೀರಿ. ಮನೆಯಲ್ಲಿ ನಿಪ್ಪಟ್ಟು, ಕೋಡುಬಳೆ ಮಾಡಿ ಮಾರುತ್ತೀರಿ. ಅದಕ್ಕೇ ಕೊನೆಯದಾಗಿ ಒಂದು ಉದಾಹರಣೆ.

ನಮ್ಮ ಅಪಾರ್ಟ್‌ಮೆಂಟಿನಲ್ಲಿ ಮಂಡ್ಯ ಕಡೆಯ ಅಕ್ಕ ಒಬ್ಬರಿದ್ದಾರೆ. ಚಟ್ನಿಪುಡಿ ಮಾಡಿ ಮಾರುತ್ತಾರೆ. ಮಗ ಡಬ್ಬಿಗೆ ಚೆಂದದ ಚೀಟಿ ಮಾಡಿಕೊಟ್ಟಿದ್ದ. ಅದರ ಮೇಲೆ, "ಪರಂಪರೆಯ ಸೊಗಡು, ಅಮ್ಮನ ಕೈರುಚಿ." ಡಬ್ಬಿ ಮಾತ್ರ ಕದಲುತ್ತಿರಲಿಲ್ಲ.

"ನೋಡು ತಮ್ಮ, ನೀನು ಇಂಥವೇ ಬರೆಯೋನಂತೆ. ನನಗೂ ಒಂದೆರಡು ಸಾಲು ಬರ್ಕೊಡು" ಎಂದರು.

"ಬರೆಯೋಣ ಅಕ್ಕ. ಮೊದಲು ಹೇಳಿ, ಡಬ್ಬಿ ಕೈಗೆ ತಗೊಂಡು ವಾಪಸ್ ಇಡ್ತಾರಲ್ಲ, ಅವರು ಏನಂತಾರೆ?"

"ಏನೂ ಅನ್ನಲ್ಲ ಕಣಪ್ಪ. ಅದರ ಕೆಂಪು ನೋಡಿ ಹೆದರ್ಕೋತಾರೆ. ಖಾರ ಜಾಸ್ತಿ ಅನ್ಕೋತಾರೇನೋ. ನಾನು ಹಾಕೋದು ಬ್ಯಾಡಗಿ ಮೆಣಸಿನಕಾಯಿ, ಬಣ್ಣವೇ ಹೊರತು ಖಾರ ಎಲ್ಲಿದೆ?"

ಸಾಲು ಬರೆದಾಗಿತ್ತು. ಬರೆದವರು ಅವರೇ. ನಾನು ಚೀಟಿಯ ಮೇಲೆ ಇಳಿಸಿದೆ ಅಷ್ಟೆ. "ಕೆಂಪಗಿದೆ, ಖಾರ ಕಡಿಮೆ. ಹಾಕಿರುವುದು ಬ್ಯಾಡಗಿ ಮೆಣಸಿನಕಾಯಿ. ಬೆಳ್ಳುಳ್ಳಿ ಇದೆ." ಕೊನೆಯ ಎರಡು ಪದ ನೋಡಿ ಅಕ್ಕನಿಗೆ ಗಾಬರಿ. ಬೆಳ್ಳುಳ್ಳಿ ತಿನ್ನದವರು ಕೊಳ್ಳುವುದಿಲ್ಲವಲ್ಲ ಎಂದರು. ಕೊಳ್ಳುವುದು ಬೇಡ ಅಕ್ಕ, ಮನೆಗೆ ಒಯ್ದು ಬೈಯುವುದಕ್ಕಿಂತ ಇಲ್ಲೇ ಇಟ್ಟು ಹೋಗಲಿ ಎಂದೆ. ಎಳನೀರಿನವನಿಂದ ಕಲಿತದ್ದನ್ನು ಎಲ್ಲಾದರೂ ಬಳಸಬೇಕಲ್ಲ.

ನೀವೂ ಹೀಗೆ ಮಾಡಿ. ಬರೆಯುವ ಮೊದಲು ಗಲ್ಲಾಪೆಟ್ಟಿಗೆಯ ಪಕ್ಕ ಒಂದು ಗಂಟೆ ಕೂತುಕೊಳ್ಳಿ. ಜನ ಏನು ಕೇಳುತ್ತಾರೆ, ಏನು ಕೇಳದೆ ಹೋಗುತ್ತಾರೆ, ಗಮನಿಸಿ. ಬಾಡಿಗೆ ಮನೆಯ ಬೋರ್ಡಿನಲ್ಲಿ ವಿಶಾಲವಾದ, ಸುಂದರವಾದ ಎಂಬುದನ್ನು ಹೊಡೆದುಹಾಕಿ. ಮೂರನೆಯ ಮಹಡಿ, ಲಿಫ್ಟ್ ಇಲ್ಲ, ನೀರು ಎರಡು ಹೊತ್ತು ಎಂದು ಬರೆಯಿರಿ. ನಾಲ್ಕು ಜನ ಕಡಿಮೆ ಬಂದಾರು. ಬಂದವರು ಮೆಟ್ಟಿಲು ನೋಡಿ ವಾಪಸ್ ಹೋಗಲಾರರು. ಸಂಘದ ಕರೆಯೋಲೆಯಲ್ಲಿ ಗಣ್ಯರ ಹೆಸರು ಎಷ್ಟಾದರೂ ಇರಲಿ. ಭಾಷಣ ಎಷ್ಟು ಹೊತ್ತಿಗೆ ಮುಗಿಯುತ್ತದೆ, ಊಟ ಎಷ್ಟು ಹೊತ್ತಿಗೆ ಎಂಬುದನ್ನು ಮಾತ್ರ ದಪ್ಪ ಅಕ್ಷರದಲ್ಲಿ ಹಾಕಿಸಿ. ಸಭಾಂಗಣ ತುಂಬುತ್ತದೆ.

ಅಂದಹಾಗೆ, ಈ ಭಾಷಣ ಕೇಳುತ್ತಿರುವ ನಿಮ್ಮ ಮನಸ್ಸಿನಲ್ಲೂ ಒಂದು ಪ್ರಶ್ನೆ ಎದ್ದು ಸ್ವಲ್ಪ ಹೊತ್ತಾಗಿರಬೇಕು. ಸಂಕೋಚದಿಂದ ನೀವು ಕೇಳಿಲ್ಲ. ಇದು ಯಾವಾಗ ಮುಗಿಯುತ್ತದೆ?

ಈಗ.